ಕಾಕಾನ ಕಂಪ್ಯೂಟರಿಗೆ ಒಂದು ದಿನ ಸೂಟಿ

ನಮ್ಮ ಕಾಕಾ ತನ್ನ ಕಂಪ್ಯೂಟರನ್ನು ಒಂದು ದಿನವೂ ಬಳಸಲಿಲ್ಲ. ಒಂದು ದಿನವೂ ಆರಿಸಲೂ ಇಲ್ಲ. ಕರೆಂಟು ಹೋಗಿ ತಾನಾಗಿ ಆರಿದ್ದು ಬೇರೆ ಮಾತು. ಹುಬ್ಬಳ್ಳಿಯ ಕೇಶ್ವಾಪುರದ ಅವನ ಮನೆಯಲ್ಲಿ, ದೇವರ ಜಗಲಿಯ ಪಕ್ಕದಲ್ಲೇ ಅದು ಹಗಲಿರುಳು ಗುಂಯ್‌ಗುಡುತ್ತಿತ್ತು. ಯಾರಾದರೂ ಇಸ್ಪೀಟು ಆಡಲೆಂದು ಅದರ ಮುಂದೆ ಕುಳಿತರೆ ಕಾಕಾ ಮೆಲ್ಲಗೆ ಎಬ್ಬಿಸುತ್ತಿದ್ದ.

"ಅದು ಕೆಲಸದಾಗ ಐತ್ರಿ. ನಡುವ ಮಾತಾಡಸಬ್ಯಾಡ್ರಿ."

ಆ ಕೆಲಸ ಹಚ್ಚಿಕೊಟ್ಟವನು ನಾನೇ. ಹತ್ತಿ ದಲಾಲಿಯ ಲೆಕ್ಕಕ್ಕೆಂದು ತಂದು, ಅರಿವೆ ಹೊದಿಸಿ ಇಟ್ಟಿದ್ದ ಯಂತ್ರ ಅದು. ರೋಗಗಳ ಮೂಲ ಹುಡುಕುವ ದೊಡ್ಡ ಲೆಕ್ಕವೊಂದನ್ನು ತುಣುಕು ಮಾಡಿ, ಸುಮ್ಮನೆ ಕೂತ ಕಂಪ್ಯೂಟರುಗಳಿಗೆ ಇಂಟರ್‌ನೆಟ್ಟಿನಲ್ಲಿ ಹಂಚುತ್ತಾರೆ, ಗಡುವಿನೊಳಗೆ ಮಾಡಿ ಕಳಿಸಬೇಕು ಎಂದು ನಾನು ಅರ್ಧ ತಾಸು ವಿವರಿಸಿದೆ.

"ಮುಯ್ಯಾಳು ಅನ್ನು ಹಂಗಾರ," ಎಂದ ಕಾಕಾ. "ಒಬ್ಬರ ಹೊಲದಾಗ ಕಸಾ ತಗ್ಯಾಕ ಓಣಿ ಮಂದಿಯೆಲ್ಲಾ ಹೋದಾಂಗ." ಆಮೇಲೆ ಒಂದೇ ಪ್ರಶ್ನೆ ಕೇಳಿದ. "ಮರೆವಿನ ರೋಗದ್ದೂ ಇರತೈತೇನು?"

ಇರುತ್ತದೆ ಎಂದೆ. ಅಂದೇ ಹಚ್ಚಿಸಿದ.

ಕೇಳಿದ್ದಕ್ಕೆ ಕಾರಣವಿತ್ತು. ಹೆಬ್ಬಳ್ಳಿಯಲ್ಲಿದ್ದ ನಮ್ಮ ಅತ್ತೆ, ಅಂದರೆ ಕಾಕಾನ ಅಕ್ಕ, ತಾಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಒಬ್ಬೊಬ್ಬರನ್ನಾಗಿ ಮರೆಯುತ್ತ ಬಂದಿದ್ದಳು. ಕಾಕಾನ ಹೆಸರು ಮಾತ್ರ ಉಳಿದಿತ್ತು. ಅದು ಹೋಗುವುದರೊಳಗೆ ಜಗತ್ತು ಔಷಧ ಹುಡುಕಬೇಕು ಎಂಬುದು ಕಾಕಾನ ಹಟ.

ಹೀಗಾಗಿ ಊರು ಬಿಡುವುದೆಂದರೆ ಅವನಿಗೆ ಸಂಕಟ. ಊರೇನು, ಓಣಿ ಬಿಟ್ಟರೂ ಸಂಕಟ. ಪಕ್ಕದ ಬೆಂಗೇರಿಯ ಮದುವೆಯೊಂದರಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಅವನು ಎಸ್‌ಟಿಡಿ ಬೂತಿನಲ್ಲಿ ನಿಂತು ಕಾಕಿಯನ್ನು ಕೇಳುತ್ತಿದ್ದ: "ಮೈ ಬಿಸಿ ಐತೇನು? ಉಸರು ಸಣ್ಣಾಗಿ ಬರಾಕತ್ತೈತೋ ಜೋರ ಐತೋ?"

ಬೂತಿನವನಿಗೆ ಕನಿಕರ ಬಂತು. "ಮನ್ಯಾಗ ತಾಯಾರಿಗೆ ಆರಾಮಿಲ್ಲೇನ್ರಿ? ಲಗೂನ ದವಾಖಾನಿಗೆ ಒಯ್ಯಾಕ ಹೇಳ್ರಿ."

"ದವಾಖಾನಿ ಬ್ಯಾಡ್ರಿ," ಎಂದ ಕಾಕಾ ಗಂಭೀರವಾಗಿ. "ಎದುರಿಗೆ ಟೇಬಲ್ ಫ್ಯಾನ್ ಇಟ್ಟರ ಆತು."

ಬೂತಿನವನು ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಒಗೆದ. ಇಂಥ ಮಗನ ಕೈ ಮುಟ್ಟುವುದು ಅವನಿಗೆ ಬೇಡವಾಗಿರಬೇಕು.

ಆ ವರ್ಷದ ದಸರೆಗೆ ಅತ್ತೆಗೆ ಮೈ ಸರಿಯಿಲ್ಲವೆಂದು ಕಾಕಾ ಹೆಬ್ಬಳ್ಳಿಗೆ ಹೋದ. ಕೈಯಲ್ಲಿದ್ದ ತುಣುಕಿನ ಗಡುವು, ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ಹರಸುವ ಬನ್ನಿ ಹಬ್ಬದ, ಅಂದರೆ ವಿಜಯದಶಮಿಯ, ಮುಂಜಾನೆಗೆ ಮುಗಿಯುವುದಿತ್ತು. ಕೆಲಸ ಇನ್ನು ಸ್ವಲ್ಪವೇ ಬಾಕಿ. "ಮನಿ ಬಿದ್ದರ ಬೀಳಲಿ, ಇದನ್ನ ಆರಸಬ್ಯಾಡ," ಎಂದು ಕಾಕಿಗೆ ಹೇಳಿಹೋಗಿದ್ದ. ಮನೆ ಬೀಳಲಿಲ್ಲ. ಹಬ್ಬದ ಹಿಂದಿನ ದಿನದ ಖಂಡೇ ಪೂಜೆ ಬಂತು. ಅಂದು ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಪೂಜಿಸುತ್ತಾರೆ, ಯಾವುದರಿಂದಲೂ ಕೆಲಸ ಮಾಡಿಸುವುದಿಲ್ಲ. ನಾನು ಹೋಗಿ ನೋಡಿದರೆ ಕಂಪ್ಯೂಟರು ವಿಭೂತಿ ಹಚ್ಚಿಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು, ತಕ್ಕಡಿ ಕುಡುಗೋಲುಗಳ ಸಾಲಿನಲ್ಲಿ ತಣ್ಣಗೆ ಕೂತಿತ್ತು.

"ಕಾಕಿ, ಇದೇನ ಮಾಡಿದ್ರಿ?"

"ತಕ್ಕಡಿಗೆ ಸೂಟಿ, ಕುಡಗೋಲಿಗೆ ಸೂಟಿ. ಇದೊಂದು ಏನ ಪಾಪ ಮಾಡೇತಿ? ಒಂದ ದಿನಾ ಮಲಗಲಿ. ನಾಳೆ ಬನ್ನಿ ಮುಡಿಯೂತನಕ ಯಾರೂ ಮುಟ್ಟೂಹಂಗಿಲ್ಲ."

ಕಾಕಿಯೊಡನೆ ವಾದ ಮಾಡಿ ಗೆದ್ದವರು ಹುಬ್ಬಳ್ಳಿ-ಧಾರವಾಡದಲ್ಲಿ ಯಾರೂ ಇಲ್ಲ. ನಾನು ಕಾಕಾನ ಫೋನಿಗೆ ಹೆದರುತ್ತ ಕುಳಿತೆ. ವಿಚಿತ್ರವೆಂದರೆ, ಅಂದು ಫೋನೇ ಬರಲಿಲ್ಲ.

ಮರುದಿನ ಸಂಜೆ ಅವನೇ ಬಂದ. ಮಾಲೆ ಹಾಕಿಕೊಂಡು ಕತ್ತಲಾಗಿ ಕೂತ ಯಂತ್ರವನ್ನು ನೋಡಿದ. ಕಾಕಿ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ಈಗ ಗುಡುಗುತ್ತಾನೆ ಎಂದುಕೊಂಡೆ.

"ಸೂಟಿ ಕೊಟ್ಟೀಯೇನು? ಇರಲಿ ಬಿಡು," ಎಂದು ಅದರ ಮುಂದೆ ಕುಳಿತ. ಆಮೇಲೆ ಹೇಳಿದ: "ಅಕ್ಕಗ ಬನ್ನಿ ಕೊಟ್ಟು ಕಾಲಿಗೆ ಬಿದ್ದೆ. ತಲಿ ಮ್ಯಾಲ ಕೈ ಇಟ್ಟಳು. 'ಯಾರ ಮಗನೋಪಾ ನೀ? ಯಾರರ ಇರು, ಬಂಗಾರದಾಂಗ ಇರು' ಅಂದಳು."

ಉಳಿದಿದ್ದ ಆ ಒಂದು ಹೆಸರೂ ಹೋಗಿತ್ತು. ನನಗೆ ಅಳು ಬಂತು. ಕಾಕಿ ಒಳಗೆ ಹೋಗಿ ನೀರು ತಂದಿಟ್ಟಳು. ಅವನು ಕುಡಿಯಲಿಲ್ಲ.

ಇನ್ನು ಇದನ್ನು ಅರಿವೆ ಹೊದಿಸಿ ಮೂಲೆಗಿಡುತ್ತಾನೆ ಎಂದುಕೊಂಡಿದ್ದೆ. ಆದರೆ "ಹಚ್ಚು" ಎಂದ. ಮಾಲೆ ಸರಿಸಿ ಹಚ್ಚಿದೆ, ಇಂಟರ್‌ನೆಟ್ಟಿಗೆಂದು ಫೋನಿನ ತಂತಿ ಜೋಡಿಸಿದೆ. ಗಡುವು ಮುಗಿದಿತ್ತು.

"ನಮ್ಮ ತುಣುಕು ಬ್ಯಾರೇದವರಿಗೆ ಕೊಟ್ಟಾರ, ಕಾಕಾ. ಅವರು ಮುಗಸತಾರ."

"ಯಾರಿಗೆ?"

"ಗೊತ್ತಾಗೂದಿಲ್ಲ. ಯಾವ ದೇಶದವರೋ ಏನೋ. ನಮಗ ಹೊಸಾದೊಂದು ಬಂದೈತಿ."

"ತಗೋ ಅದನ್ನ," ಎಂದ.

ಯಂತ್ರ ಮತ್ತೆ ಗುಂಯ್‌ಗುಡತೊಡಗಿತು. ಕಾಕಾ ಅಂಗಿಯ ಕಿಸೆಯಿಂದ ಬಾಡಿದ ಬನ್ನಿ ಎಲೆಗಳನ್ನು ತೆಗೆದು ಅದರ ನೆತ್ತಿಯ ಮೇಲಿಟ್ಟ. ನಮ್ಮ ಪಾಲಿನ ಕೆಲಸ ಹೊತ್ತ ಆ ಗುರುತಿಲ್ಲದವನಿಗೆ ಕೇಳಲೆಂಬಂತೆ, ಎಲೆಗಳ ಮೇಲೆ ಅಂಗೈ ಇಟ್ಟು ಹೇಳಿದ:

"ಯಾರ ಮಗನೋಪಾ ನೀ? ಯಾರರ ಇರು, ಬಂಗಾರದಾಂಗ ಇರು."