ವಕೀಲರ ಹೆಗಲಲ್ಲಿ ಮಳೆ

ಕಾಜಾ ಪದ ಎಣಿಸಿದ್ದೇ ತಪ್ಪಾಯಿತು. ಎಣಿಸದೆ ಲಕೋಟೆಗೆ ತುರುಕಿ ಅಂಟಿಸಿಬಿಟ್ಟಿದ್ದರೆ ಅವಳ ಪಾಡಿಗೆ ಅವಳು, ಕತೆಯ ಪಾಡಿಗೆ ಕತೆ ಇರುತ್ತಿತ್ತು.

ಕಾಜಾ ಎನ್ನುವುದು ಅವಳ ಹೆಸರಲ್ಲ. ಶರ್ಟಿನಲ್ಲಿ ಗುಂಡಿ ತೂರಿಸುವ ತೂತಿಗೆ ದರ್ಜಿಗಳು ಕಾಜಾ ಅನ್ನುತ್ತಾರೆ. ಅರ್ಧಕ್ಕೆ ಶಾಲೆ ಬಿಟ್ಟು ಮಾಸ್ಟರ ಹೊಲಿಗೆ ಅಂಗಡಿ ಸೇರಿದ ದಿನದಿಂದ ಅವಳದು ಅದೇ ಕೆಲಸ, ಆ ಕೆಲಸವೇ ಹೆಸರು. ಬರಬರುತ್ತಾ ಮನೆಯವರೂ ಹಾಗೇ ಕೂಗತೊಡಗಿದ್ದರು. ತೂತಿನ ಹೆಸರು ಹೊತ್ತುಕೊಂಡು ಓಡಾಡುವುದು ಅವಳಿಗೆ ಬೇಡವಾಗಿತ್ತು. ಆದರೆ ಬೇಡ ಎನ್ನುವ ಮಾತು ಅವಳ ಬಾಯಿಂದ ಯಾವತ್ತೂ ಹೊರಬಿದ್ದದ್ದಿಲ್ಲ. ಬಾಯಿಯ ಪಾಲನ್ನೂ ಕಣ್ಣಿಗೇ ಕೊಟ್ಟಂತೆ ಅವಳು ಸುಮ್ಮನೆ ಕೂತು ಎಲ್ಲರನ್ನೂ ನೋಡುತ್ತಿದ್ದಳು. ಹಾಗೆ ನೋಡಿ ನೋಡಿ ಒಂದು ಕತೆ ಬರೆದಿದ್ದಳು.

ಬರೆಯಲು ಕಾರಣವಾದದ್ದೂ ಅಂಗಡಿಯೇ. ಮಾಸ್ಟರು ಹಳೇ ಪತ್ರಿಕೆಯ ಮೇಲೆ ಕಾಲರು, ತೋಳು ಬರೆದು, ಕತ್ತರಿಸಿ, ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಬಟ್ಟೆ ಕತ್ತರಿಸುತ್ತಿದ್ದರು. ಆ ಕಾಗದಕ್ಕೆ ಅಂಗಡಿಯಲ್ಲಿ ಅಳತೆ ಎಂದೇ ಹೆಸರು. ಚೆನ್ನಾಗಿ ಕೂತ ಅಳತೆಗಳು ಗೋಡೆಯ ಮೊಳೆಗೆ ಏರುತ್ತಿದ್ದವು, ಮಿಕ್ಕ ಚೂರುಗಳು ಕಾಲಡಿಗೆ. ಒಮ್ಮೆ ಮಾಸ್ಟರು ಒಂದು ಕಾಲರು ಕತ್ತರಿಸಿದಾಗ ಮಿಕ್ಕ ಚೂರು ಅವಳ ಪಾದದ ಮೇಲೇ ಬಿತ್ತು. ಮೇಲ್ಗಡೆ ದಪ್ಪಕ್ಷರದಲ್ಲಿ ‘ಕಥಾ ಸ್ಪರ್ಧೆ’ ಎಂದಿತ್ತು. ಕೆಳಗಿನ ಒಂದೆರಡು ಸಾಲುಗಳ ಎಡಭಾಗವನ್ನು ಕಾಲರಿನ ಬಾಗು ಕಚ್ಚಿಕೊಂಡು ಹೋಗಿತ್ತು. ಉಳಿದದ್ದು, ‘ಸಾವಿರ ಪದಗಳಿರಬೇಕು’ ಎಂದು ಒಂದು ಸಾಲು, ‘ಗಡಿಯಾರ ಬಹುಮಾನ’ ಎಂದು ಇನ್ನೊಂದು. ಅದರ ಕೆಳಗೆ, ಗೆದ್ದ ಕತೆಯನ್ನು ಲೇಖಕರ ಹೆಸರು, ಭಾವಚಿತ್ರದೊಂದಿಗೆ ಪ್ರಕಟಿಸಲಾಗುವುದು ಎಂಬ ಮಾತು, ಕೊನೆಯ ದಿನ, ಪತ್ರಿಕೆಯ ಕಚೇರಿಯ ವಿಳಾಸ.

ಗಡಿಯಾರದ ಆಸೆ ಅವಳಿಗಿರಲಿಲ್ಲ. ಹೆಸರು ಅಚ್ಚಾಗುತ್ತದಲ್ಲ, ಶಾಲೆಯ ಹಾಜರಿಯಲ್ಲಿ ಕೂಗುತ್ತಿದ್ದ ಹೆಸರು, ಅದು ಬೇಕಾಗಿತ್ತು. ಒಮ್ಮೆ ಅಚ್ಚಾದರೆ ಪತ್ರಿಕೆಯನ್ನು ಇವರೆಲ್ಲರ ಮುಂದೆ ಹರಡಿ ಸುಮ್ಮನೆ ಕೂತುಬಿಡುವುದು. ಓದಿಕೊಳ್ಳಲಿ.

ಈ ದಿನವೇ ಕೊನೆಯ ದಿನ. ಊಟದ ಬಿಡುವಿನಲ್ಲಿ ಅವಳು ಮೂಲೆಯಲ್ಲಿ ಕೂತು ಪದಗಳನ್ನು ಎಣಿಸಿದಳು. ಸಾವಿರ ದಾಟಿತು, ಎರಡು ಸಾವಿರ ದಾಟಿತು. ಮೂರು ಸಾವಿರ ಮುಗಿದರೂ ಕತೆಯ ಕಂಡಕ್ಟರು ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲ. ಗಾಬರಿಯಲ್ಲಿ ಎಣಿಕೆ ತುಟಿ ದಾಟಿ ಹೊರಗೆ ಕೇಳಿಸಿತು.

“ಏನಮ್ಮಾ ಕಾಜಾ,” ಎಂದರು ಮಾಸ್ಟರು, “ಯಾರ ಶರ್ಟಿಗೆ ಮೂರು ಸಾವಿರ ಕಾಜಾ?”

ಸುಳ್ಳು ಹೇಳಲು ಬರದವಳ ಕೈಯಿಂದ ಹಾಳೆಗಳೂ ಹೋದವು, ಕತ್ತರಿಸಿದ ಪ್ರಕಟಣೆಯೂ ಹೋಯಿತು. ಗುಂಡಿ ಹೊಲಿಯುವ ಗುಂಡಿ ಅಕ್ಕ ಎದ್ದು ಬಂದಳು. ಇಸ್ತ್ರಿ ಮಾವ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಂದರು. ಹೊಲಿಯಲು ಕೊಟ್ಟ ಕೋಟಿಗಾಗಿ ಕಾಯುತ್ತಾ ಬನಿಯನ್ನಿನಲ್ಲಿ ಕೂತಿದ್ದ ವಕೀಲರೂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಸ್ವಲ್ಪ ಹೊತ್ತು ಕತೆಯನ್ನು ಯಾರೂ ಮುಟ್ಟಲಿಲ್ಲ, ಏಕೆಂದರೆ ಗಡಿಯಾರ ಯಾವುದು ಎಂಬುದು ಇತ್ಯರ್ಥವಾಗಬೇಕಿತ್ತು. ಕೈಗಡಿಯಾರವೇ ಸರಿ, ಅದೂ ಚಿನ್ನದ ಪಟ್ಟಿಯದ್ದು ಎಂದು ಗುಂಡಿ ಅಕ್ಕ. ಅಲಾರಾಂ ಇರುವ ಮೇಜಿನ ಗಡಿಯಾರ ಎಂದು ಇಸ್ತ್ರಿ ಮಾವ. ‘ಸಾವಿರ’ದ ಹಿಂದೆ ಏನಿತ್ತು ಎಂದು ಯಾರೂ ಕೇಳಲಿಲ್ಲ. ‘ಗಡಿಯಾರ’ದ ಹಿಂದೆ ಏನಿತ್ತು ಎಂದೇ ಎಲ್ಲರ ಚಿಂತೆ.

ಕೊನೆಗೆ ಮಾಸ್ಟರು ಹಾಳೆಗಳನ್ನು ಕೈಯಲ್ಲಿ ತೂಗಿ ನೋಡಿ ತೀರ್ಪು ಕೊಟ್ಟರು. “ಇದು ಬಹಳ ಸಡಿಲ ಇದೆ. ಬಿಗಿ ಮಾಡಬೇಕು.”

ಬಿಗಿ ಮಾಡುವುದರಲ್ಲಿ ಅವರದು ಎತ್ತಿದ ಕೈ. ಅವರು ಹೊಲಿದ ಕೋಟು ತೊಟ್ಟವರು ಕೂತರೆ ಊಟ ಮಾಡುವಂತಿರಲಿಲ್ಲ, ಊಟ ಮಾಡಿದರೆ ಕೂರುವಂತಿರಲಿಲ್ಲ. ಬಿಚ್ಚಿ ಸಡಿಲ ಮಾಡೋಣವೆಂದರೆ ಹೊಲಿಗೆಯ ಒಳಗೆ ಒಂದು ಎಳೆ ಹೆಚ್ಚಿನ ಬಟ್ಟೆ ಬಿಟ್ಟಿರುತ್ತಿರಲಿಲ್ಲ.

ಕತೆ ಇಷ್ಟೇ. ಒಬ್ಬ ಬಸ್ ಕಂಡಕ್ಟರಿಗೆ ಅದು ಕೆಲಸದ ಕೊನೆಯ ದಿನ. ಹೊರಗೆ ಮಳೆ. ನಿಲ್ದಾಣದಲ್ಲಿ ದಿನವೂ ಅವನಿಗಾಗಿ ಕಾಯುವ ಒಂದು ಕುಂಟ ನಾಯಿ. ಮನೆಯಲ್ಲಿ ಸಕ್ಕರೆ ಡಬ್ಬಿ ಬಚ್ಚಿಡುವ ಹೆಂಡತಿ. ಅವನು ಚೀಲ, ಟೋಪಿ ಎಲ್ಲ ಒಪ್ಪಿಸಿ ಸೀಟಿಯೊಂದನ್ನು ಮಾತ್ರ ಜೇಬಿನಲ್ಲಿ ಉಳಿಸಿಕೊಳ್ಳುತ್ತಾನೆ. ಮನೆ ಬಾಗಿಲಲ್ಲಿ ನಿಂತು ಊದುತ್ತಾನೆ. ಒಳಗಿನಿಂದ ಹೆಂಡತಿ, “ಸ್ವಲ್ಪ ತಡೀರಿ, ಇಳೀತೀನಿ” ಅನ್ನುತ್ತಾಳೆ.

ಮಾಸ್ಟರು ಪೆನ್ನು ಹಿಡಿಯಲಿಲ್ಲ, ಕತ್ತರಿ ಹಿಡಿದರು. ಮೊದಲ ಹಾಳೆಗಳ ತುಂಬ ಮಳೆ. ಬಸ್ಸಿನ ಚಾವಣಿ ಸೋರುವುದು, ಟಿಕೆಟ್ಟು ಒದ್ದೆಯಾಗಿ ಬೆರಳಿಗೆ ಅಂಟುವುದು, ಒಂದೇ ಕೊಡೆಯಡಿ ಇಬ್ಬರು ಜಗಳವಾಡುತ್ತಾ ಹತ್ತುವುದು. ಕಾಜಾ ಆ ಮಳೆಯನ್ನು ಎಷ್ಟೋ ಸಲ ಬರೆದು ಹರಿದು ಮತ್ತೆ ಬರೆದಿದ್ದಳು.

“ಮಳೆ ಬಂತು ಅಂದ್ರೆ ಮುಗೀತಲ್ಲ. ಒದ್ದೆ ಆಗಿರುತ್ತೆ ಅಂತ ಓದೋರಿಗೆ ಗೊತ್ತಾಗಲ್ವಾ?” ಎನ್ನುತ್ತಾ ಮಾಸ್ಟರು ಕರಕರ ಕತ್ತರಿ ಆಡಿಸಿದರು. ಮಳೆ ಮೇಜಿನ ಕೆಳಗೆ ಬಿತ್ತು.

ಗುಂಡಿ ಅಕ್ಕ ಹೆಂಡತಿಯ ಭಾಗ ಓದುತ್ತಾ ಓದುತ್ತಾ ಕೆಂಪಗಾದಳು. “ಇವಳು ಯಾರು?” ಎಂದು ಕೇಳಿದಳು.

“ಯಾರೂ ಅಲ್ಲ ಅಕ್ಕಾ. ಕತೆ.”

“ಕತೆಯವಳಾದ್ರೆ, ಸಕ್ಕರೆ ಡಬ್ಬಿ ಹಿಟ್ಟಿನ ಡಬ್ಬಿ ಹಿಂದಿದೆ ಅಂತ ನಿಂಗೆ ಯಾರು ಹೇಳಿದ್ರು?”

ಗುಂಡಿ ಅಕ್ಕನ ಅಡುಗೆಮನೆಯನ್ನು ಕಾಜಾ ಕನಸಿನಲ್ಲೂ ಕಂಡಿರಲಿಲ್ಲ. ಈಗ ಅವಳಿಗೂ ತಿಳಿಯಿತು, ಇಡೀ ಅಂಗಡಿಗೂ ತಿಳಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದು ಇಸ್ತ್ರಿ ಮಾವ ಕೆಮ್ಮಿದರು. ಆ ಕೆಮ್ಮಿಗೆ ಗುಂಡಿ ಅಕ್ಕನ ಸಿಟ್ಟು ಇನ್ನಷ್ಟು ಏರಿತು. “ಈ ಹೆಂಗಸು ಬೇಡ. ಕಂಡಕ್ಟರಿಗೆ ಮದುವೆಯೇ ಆಗಿಲ್ಲ ಅಂತ ಬರಿ. ನೆಮ್ಮದಿಯಾಗಿರಲಿ ಪಾಪ,” ಎಂದಳು. ಕತ್ತರಿ ಆಡಿತು. ಹೆಂಡತಿ ಮಳೆಯ ಪಕ್ಕದಲ್ಲಿ ಬಿದ್ದಳು.

ಹಾಳೆಗಳು ಮುದುರಿವೆ, ನೀಟಾಗಿ ಕೊಡಬೇಕು ಎಂದು ಇಸ್ತ್ರಿ ಮಾವ ಉಳಿದವನ್ನು ತಮ್ಮ ಮೇಜಿಗೆ ಒಯ್ದರು. ಅದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಉಜ್ಜುತ್ತಾ ಉಜ್ಜುತ್ತಾ ನಾಯಿಯ ಭಾಗ ಬಂತು, ಪೆಟ್ಟಿಗೆ ನಿಂತಿತು.

“ಕಂಡಕ್ಟರ್ ನಾಳೆಯಿಂದ ಬರಲ್ಲ. ಆ ನಾಯಿಗೆ ಗೊತ್ತಾ ಅದು?”

“ಇಲ್ಲ ಮಾವ.”

“ಮತ್ತೆ ಕಾಯುತ್ತಲ್ಲಮ್ಮಾ ಅದು. ಕಾದೂ ಕಾದೂ...”

ಮಾವನ ಕಣ್ಣು ತುಂಬಿತು. ಕಾಜಾಗೆ ಒಂದು ಕ್ಷಣ ಹಿಗ್ಗಾಯಿತು, ತಾನು ಬರೆದದ್ದಕ್ಕೆ ಒಬ್ಬರಾದರೂ ಅತ್ತರಲ್ಲ ಎಂದು. ಮರುಕ್ಷಣ ಮೂಗಿಗೆ ಸುಟ್ಟ ಕಮಟು ಬಡಿಯಿತು. ಮಾವ ಬೆಚ್ಚಿ ಪೆಟ್ಟಿಗೆ ಎತ್ತಿದರೆ, ನಾಯಿ ಇದ್ದ ಜಾಗದಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದ ಕರಿಮಚ್ಚೆ. “ಹೋಗಲಿ ಬಿಡು,” ಎಂದು ಮಾವ ಕಣ್ಣೊರೆಸಿಕೊಂಡರು, “ಕಾಯೋದಾದ್ರೂ ತಪ್ಪಿತು.”

ಉಳಿದದ್ದು ಸೀಟಿ. ಅದರ ಮೇಲೆ ವಕೀಲರ ಕಣ್ಣಿತ್ತು. ಸಂಸ್ಥೆಯ ಸೀಟಿಯನ್ನು ಜೇಬಿಗಿಳಿಸುವುದು ಕಳ್ಳತನ, ಅದನ್ನು ಹೊಗಳಿ ಬರೆಯುವುದು ಕಳ್ಳತನಕ್ಕೆ ಕುಮ್ಮಕ್ಕು ಎಂದು ಅವರು ಬನಿಯನ್ನಿನಲ್ಲೇ ಎದ್ದು ನಿಂತು ವಾದಿಸಿದರು. ಎದುರು ವಾದಿಸುವವರು ಯಾರೂ ಇರಲಿಲ್ಲ. ಕಾಜಾ ಬಾಯಿ ತೆರೆಯಹೋದಳು, ಆದರೆ ಬಾಯಲ್ಲಿ ಗುಂಡುಪಿನ್ನುಗಳಿದ್ದವು, ಹಾಳೆಗೆ ಚುಚ್ಚಲು ಬೇಕು, ಹಿಡಿದುಕೋ ಎಂದು ಮಾಸ್ಟರು ಕೊಟ್ಟವು. ವಕೀಲರು ಸೀಟಿಯ ಮೇಲೆ ಅಡ್ಡಗೆರೆ ಎಳೆದು, ‘ಕಂಡಕ್ಟರನು ಸದರಿ ಸೀಟಿಯನ್ನು ಹಿಂದಿರುಗಿಸಿ ರಸೀದಿ ಪಡೆದನು’ ಎಂದು ಬರೆದು, ಪಕ್ಕದಲ್ಲಿ ರುಜು ಹಾಕಿದರು.

ಮಳೆ ಇಲ್ಲ, ಹೆಂಡತಿ ಇಲ್ಲ, ನಾಯಿ ಇಲ್ಲ, ಸೀಟಿ ಇಲ್ಲ. ಕಂಡಕ್ಟರನೊಬ್ಬ ಬಸ್ಸು ಹತ್ತುತ್ತಿದ್ದ, ಇಳಿಯುತ್ತಿದ್ದ, ರಸೀದಿ ಪಡೆಯುತ್ತಿದ್ದ. ಎಣಿಸಿ ನೋಡಿದರೆ ಸಾವಿರಕ್ಕೂ ಕಡಿಮೆ.

ಅದಕ್ಕೇನಂತೆ ಎಂದು ಎಲ್ಲರೂ ಸೇರಿ ತೇಪೆ ಹಾಕಿದರು. ‘ಬಸ್ಸು ಹೊರಟಿತು’ ಎಂದಿದ್ದ ಕಡೆ ‘ಬಸ್ಸು ಮೆಲ್ಲಗೆ, ಬಹಳ ಮೆಲ್ಲಗೆ, ಮೆಲ್ಲಮೆಲ್ಲಗೆ ಹೊರಟಿತು’ ಎಂದು ಗುಂಡಿ ಅಕ್ಕ ಸೇರಿಸಿದಳು. ಸಾವಿರಕ್ಕೆ ಸಾವಿರ ಕೂಡಿತು. ಮಾಸ್ಟರು ಹಾಳೆಗಳ ಅಂಚನ್ನು ಮಿಷನ್ನಿನಲ್ಲಿ ಓಡಿಸಿ ಗಟ್ಟಿ ಹೊಲಿಗೆ ಹಾಕಿಕೊಟ್ಟರು.

ಅಷ್ಟರಲ್ಲಿ ವಕೀಲರಿಗೆ ರೈಲಿನ ಹೊತ್ತಾಯಿತು. ಕೋಟು ತೊಟ್ಟು ನೋಡಿದರೆ ಹೊಟ್ಟೆ ಬಿಗಿ, ಹೆಗಲು ಮಾತ್ರ ಒದ್ದೆ ಬೆಕ್ಕಿನ ಹಾಗೆ ಜೋತುಬಿದ್ದಿತ್ತು. ಹೆಗಲಿಗೆ ತುಂಬುವ ಹತ್ತಿ ಮುಗಿದಿತ್ತು. ಮಾಸ್ಟರು ಆಚೀಚೆ ನೋಡಿ, ಮೇಜಿನ ಕೆಳಗಿನ ಕಾಗದ ಬಾಚಿ, ದಪ್ಪಗೆ ಮಡಿಸಿ, ಎಡ ಹೆಗಲಿಗೆ ಮಳೆಯನ್ನೂ ಬಲ ಹೆಗಲಿಗೆ ಹೆಂಡತಿಯನ್ನೂ ತುಂಬಿ ಹೊಲಿದುಬಿಟ್ಟರು. ಕಾಜಾ ನೋಡುತ್ತಲೇ ಇದ್ದಳು. ಹೇಗೂ ಬೇಡದ್ದು, ಯಾರ ಹೆಗಲಲ್ಲಾದರೂ ಇರಲಿ ಎಂದುಕೊಂಡಳು.

“ಭಾರ ಆಯ್ತಲ್ರೀ,” ಎಂದರು ವಕೀಲರು, ಹೆಗಲು ಕುಣಿಸಿ. ಸರಸರ ಸದ್ದಾಯಿತು.

“ಜವಾಬ್ದಾರಿ ಇರೋರ ಹೆಗಲು ಹಾಗೇ ಸಾರ್,” ಎಂದರು ಮಾಸ್ಟರು.

ಕಾಜಾ ಪತ್ರಿಕೆಯ ಕಚೇರಿ ತಲುಪಿದಾಗ ಗುಮಾಸ್ತ ಕಿಟಕಿ ಮುಚ್ಚಲು ಕೈ ಚಾಚಿದ್ದ. ಹೊಲಿಗೆ ಹಾಕಿದ, ಕರಿಮಚ್ಚೆಯ, ವಕೀಲರ ರುಜು ಇದ್ದ ಕತೆಯನ್ನು ಅವನು ಹಿಂದೆ ಮುಂದೆ ತಿರುಗಿಸಿದ.

“ಮುಂದಿನ ಭಾಗ ಎಲ್ಲಮ್ಮಾ?”

“ಇಷ್ಟೇ. ಸಾವಿರ ಪದ,” ಎಂದಳು ಕಾಜಾ. ಅಪರಿಚಿತರ ಮುಂದೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಗುಮಾಸ್ತ ಬೆರಳು ತೋರಿಸಿದ. ಗೋಡೆಯ ಮೇಲೆ ಅದೇ ಪ್ರಕಟಣೆ, ಯಾವ ಕಾಲರಿಗೂ ಸಿಕ್ಕದೆ ಇಡಿಯಾಗಿ ಅಂಟಿಕೊಂಡಿತ್ತು. ‘ಕತೆಯಲ್ಲಿ ಕನಿಷ್ಠ ಮೂರು ಸಾವಿರ ಪದಗಳಿರಬೇಕು. ಗೆದ್ದವರಿಗೆ ಗೋಡೆ ಗಡಿಯಾರ ಬಹುಮಾನ.’

ಅವಳು ಅದನ್ನು ಓದಿದಳು. ಮತ್ತೆ ಓದಿದಳು. ಅಕ್ಷರಗಳು ಬದಲಾಗಲಿಲ್ಲ.

ಗುಮಾಸ್ತ ಕೆಟ್ಟವನೇನಲ್ಲ. ಒಳಗೆ ಲೆಕ್ಕಪತ್ರ ಮುಗಿಸುವವರೆಗೆ ಕಿಟಕಿ ತೆರೆದಿಡುತ್ತೇನೆ, ಉಳಿದದ್ದು ಬರೆದಿದ್ದರೆ ತಂದುಕೊಡಿ ಎಂದ. “ಎಲ್ಲಿದೆ ಅದು? ಹತ್ತಿರದಲ್ಲೇ ಇದೆಯಾ?”

“ವಕೀಲರ ಹೆಗಲಲ್ಲಿದೆ,” ಎಂದಳು ಕಾಜಾ.

ಅವನು ಅವಳ ಮುಖ ನೋಡಿದ. ದೂರದಲ್ಲಿ ರೈಲು ಉದ್ದಕ್ಕೆ ಸೀಟಿ ಹಾಕಿ ಹೊರಟಿತು. ಇಡೀ ಕತೆಯಲ್ಲಿ ಉಳಿದ ಸೀಟಿ ಅದೊಂದೇ.

“ಇಷ್ಟು ಚಿಕ್ಕದಕ್ಕೆ ಹನಿಗತೆ ಸ್ಪರ್ಧೆ ಅಂತ ಬೇರೆ ಇತ್ತಮ್ಮಾ,” ಎಂದ ಗುಮಾಸ್ತ, ಸಮಾಧಾನ ಮಾಡುವವನ ಹಾಗೆ. “ನಿನ್ನೆ ಮುಗೀತು. ಬಂದದ್ದೇ ಕಡಿಮೆ. ಕೊಟ್ಟೋರಿಗೆಲ್ಲ ಬಹುಮಾನ.”

ಅಂಗಡಿಯಲ್ಲಿ ಯಾರೂ ಮನೆಗೆ ಹೋಗಿರಲಿಲ್ಲ. ಗಡಿಯಾರ ಯಾವುದು ಎಂದು ಗುಂಡಿ ಅಕ್ಕ ಬಾಗಿಲಲ್ಲೇ ತಡೆದು ಕೇಳಿದಳು. ಗೋಡೆಯದ್ದು ಎಂದಳು ಕಾಜಾ. ಎಲ್ಲರ ಮುಖವೂ ಸಪ್ಪಗಾಯಿತು.

“ಕತೆ?” ಎಂದರು ಮಾಸ್ಟರು.

“ಚಿಕ್ಕದಾಯ್ತಂತೆ ಮಾಸ್ಟರ್.”

ಮಾಸ್ಟರು ಲೊಚಗುಟ್ಟಿದರು. “ಅದೇ ನೋಡು. ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರಬೇಕಿತ್ತು ನೀನು. ಬರೀ ಬಿಗಿ, ಬಿಗಿ ಅಂತ ಹೋದ್ರೆ ಹೀಗೇ ಆಗೋದು.”

ಕಾಜಾ ತನ್ನ ಜಾಗಕ್ಕೆ ಹೋಗಿ ಕೂತಳು. ಎದುರಿನ ಗೋಡೆಯ ಮೊಳೆಯಲ್ಲಿ ಆ ಕಾಲರಿನ ಅಳತೆ ತೂಗುತ್ತಿತ್ತು. ಇಷ್ಟು ದಿನವೂ ಅವಳ ಕಡೆಗೆ ಅರ್ಧ ಚಪ್ಪಲಿಯ ಜಾಹೀರಾತು ತೋರಿಸುತ್ತಾ ಇದ್ದದ್ದು, ಈಗ ಫ್ಯಾನಿನ ಗಾಳಿಗೆ ಸಾವಕಾಶವಾಗಿ ಮಗ್ಗುಲು ಬದಲಿಸಿತು. ಹಿಂಬದಿಯಲ್ಲಿ, ಬಾಗಿದ ಅಂಚಿನಲ್ಲಿ, ‘ಕತೆಯಲ್ಲಿ ಕನಿಷ್ಠ ಮೂರು’ ಎಂದಿತ್ತು. ಅದರ ಕೆಳಗೆ, ‘ಗೆದ್ದವರಿಗೆ ಗೋಡೆ’.

ಅವಳು ಎದ್ದು, ಹರಿದು ಚೂರುಚೂರು ಮಾಡುವುದಕ್ಕೆಂದೇ ಅದಕ್ಕೆ ಕೈ ಹಾಕಿದಳು.

“ಏಯ್ ಕಾಜಾ, ಮುಟ್ಟಬೇಡ ಅದನ್ನ,” ಎಂದರು ಮಾಸ್ಟರು. “ಈ ಅಂಗಡೀಲಿ ಸರಿಯಾಗಿರೋ ಅಳತೆ ಅಂದ್ರೆ ಅದೊಂದೇ.”