ಹೆಡ್‌ಲೈಟಿನ ಮೇಲೆ ಹಪ್ಪಳದಂಗಡಿ

ನಮ್ಮ ಸೋದರಮಾವನಿಗೆ ತಲೆ ಸರಿಯಿಲ್ಲ ಎಂದು ನಾನು ಯಾರ ಹತ್ತಿರವೂ ಹೇಳಿದವಳಲ್ಲ. ಹೇಳಬೇಕಾದ ಪ್ರಸಂಗವೇ ಬರುವುದಿಲ್ಲ! ಅವನ ಜೊತೆ ಎರಡು ನಿಮಿಷ ಮಾತಾಡಿದವರು ತಾವಾಗಿಯೇ ಬಂದು ನನಗೆ ಹೇಳಿ ಹೋಗುತ್ತಾರೆ.

ಮಾವ ಮದುವೆಯಾಗಲಿಲ್ಲ. ಚಾಮರಾಜಪೇಟೆಯ ವಠಾರವೊಂದರ ಮಹಡಿ ರೂಮಿನಲ್ಲಿ ವಾಸ. ಭಾನುವಾರದ ಊಟ ಮಾತ್ರ ಬಸವನಗುಡಿಯ ನಮ್ಮ ಮನೆಯಲ್ಲಿ. ಮೂವತ್ತೈದು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟ. ಬೆತ್ತದ ತುದಿಯಲ್ಲಿ ಭೂಪಟದ ಹಿಮಾಲಯ ಹತ್ತಿಳಿದ, ಮರುಭೂಮಿ ದಾಟಿದ. ಸ್ವತಃ ತುಮಕೂರಿನಾಚೆ ಕಾಲಿಟ್ಟವನಲ್ಲ. ಇಂಥವನು ಒಂದು ಭಾನುವಾರ ಹುಳಿಯನ್ನಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಾ, "ಪುಟ್ಟಿ, ನಾನು ಬೈಕಲ್ಲಿ ಕಛ್‌ಗೆ ಹೋಗ್ತಿದೀನಿ" ಎಂದ.

ಐವತ್ತೊಂದು ವರ್ಷದ ಪುಟ್ಟಿಯ ಕೈಯಿಂದ ತುಪ್ಪದ ಮಿಳ್ಳೆ ಜಾರಿತು.

"ಗುಜರಾತಿನ ಕಛ್‌ಗಾ? ಯಾವ ಬೈಕಲ್ಲಿ?"

"ಯಾವ್ದು ಅಂದ್ರೆ? ನಂದೇ!"

ಅವನದು ಎಂದರೆ, ಗಾಂಧಿ ಬಜಾರಿನ ಸಿಗ್ನಲ್ಲಿನಲ್ಲಿ ಒಮ್ಮೆ ನಿಂತರೆ ಹಿಂದಿನವರೆಲ್ಲ ಸೇರಿ ತಳ್ಳದ ಹೊರತು ಹೊರಡದ ಬೈಕು. ಸವಾರನಿಗೆ ಅರವತ್ತಾರು. ಅಂದಿನಿಂದ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಯಿತು ನೋಡಿ! ಅಮ್ಮ ಇದ್ದಿದ್ದರೆ ಒಂದೇ ಗದರಿಕೆಯಲ್ಲಿ ಎಲ್ಲ ಮುಗಿಯುತ್ತಿತ್ತು. ಅವನ ಅಕ್ಕನಲ್ಲವೇ! ತಮ್ಮ ಮಲ್ಲೇಶ್ವರಕ್ಕೆ ಹೊರಟರೂ "ಸೇರಿದ ತಕ್ಷಣ ಫೋನ್ ಮಾಡೋ" ಎನ್ನುತ್ತಿದ್ದವಳು. ಅವಳು ತೀರಿಕೊಂಡು ವರ್ಷವಾಗಿತ್ತು.

"ಪ್ರಾಯೋಜಕರನ್ನ ಹುಡುಕ್ಬೇಕು ಕಣೇ" ಎಂದ ಮಾವ.

"ಪೆನ್ಷನ್ ಬರುತ್ತಲ್ಲ ಮಾವ?"

"ಸ್ವಂತ ದುಡ್ಡಲ್ಲಿ ಹೋಗೋದೂ ಒಂದು ಹೋಗೋದಾ?"

ನನಗೆ ಸ್ವಲ್ಪ ಉಸಿರು ಬಂತು. ಈ ಬೈಕಿಗೆ, ಈ ಸವಾರನಿಗೆ ಯಾವ ಮಹಾನುಭಾವ ಕೊಡುತ್ತಾನೆ? ಯಾರೂ ಕೊಡದಿರಲಿ ದೇವರೇ ಎಂದು ದೊಡ್ಡ ಗಣಪತಿಗೆ ಹರಕೆ ಹೊತ್ತು, ಕಣ್ಣಾರೆ ನೋಡೋಣವೆಂದು ಅವನ ಜೊತೆಗೇ ಹೊರಟೆ.

ಮಾವ ಮುತ್ತಿನಂಥ ಅಕ್ಷರದಲ್ಲಿ ಕರಾರುಪತ್ರ ಬರೆದುಕೊಂಡಿದ್ದ. ಒಂದು, ಪ್ರಾಯೋಜಕರು ಕೈಲಾದದ್ದು ಕೊಡುವುದು. ಎರಡು, ಅವರ ಹೆಸರನ್ನು ಬೈಕಿನ ಮೇಲೆ ಬರೆಸುವುದು. ಮೂರನೆಯದನ್ನು ಗಮನವಿಟ್ಟು ಓದಿ: "ಪ್ರಯಾಣ ಮುಗಿಯುವವರೆಗೆ ಪ್ರಾಯೋಜಕರು ದಿನವೂ ಸಂಜೆ ತಾವಾಗಿಯೇ ಫೋನು ಮಾಡಿ, ಎಲ್ಲಿದ್ದೀರಿ, ಊಟವಾಯಿತೇ ಎಂದು ವಿಚಾರಿಸತಕ್ಕದ್ದು."

ಲೋಕದಲ್ಲಿ ಇಂಥ ಷರತ್ತು ಉಂಟೇ?

ಮೊದಲು ತರಗುಪೇಟೆ. ಹಣೆತುಂಬ ವಿಭೂತಿ ಧರಿಸಿದ್ದ ಬೇಳೆ ಮಂಡಿಯ ಯಜಮಾನರು ಪತ್ರವನ್ನು ಎರಡು ಸಲ ಓದಿದರು. "ಅಲ್ಲ ಮೇಷ್ಟ್ರೇ, ಕೊಡೋರೂ ನಾವೇ, ಫೋನ್ ಮಾಡೋರೂ ನಾವೇನಾ?"

"ನೀವು ಲಾರೀಲಿ ಲೋಡ್ ಕಳಿಸಿದ್ರೆ ಡ್ರೈವರ್‌ಗೆ ಎಷ್ಟು ಸಲ ಫೋನ್ ಮಾಡ್ತೀರಿ?"

"ಗಂಟೆಗೊಂದ್ಸಲ."

"ನನಗೆ ದಿನಕ್ಕೊಂದ್ಸಲ ಸಾಕು."

"ಶಿವನೇ!" ಎಂದು ನಗುತ್ತಾ ಯಜಮಾನರು ಸಹಿ ಹಾಕಿಯೇ ಬಿಟ್ಟರು. ಕೊಟ್ಟದ್ದು ಹತ್ತು ಕಿಲೋ ತೊಗರಿಬೇಳೆ! ಅದನ್ನು ಟ್ಯಾಂಕಿಗೆ ಸುರಿದರೆ ಬೈಕು ಓಡುತ್ತದೆಯೇ? ಬೇಳೆ ನಮ್ಮ ಮನೆಗೆ ಬಂತು. ಮೂರು ವಾರದಿಂದ ನಮ್ಮಲ್ಲಿ ತೊವ್ವೆ.

ಆಮೇಲೆ ದೊಡ್ಡ ಗಂಡಾಂತರ ಎದುರಾಯಿತು. ಬೈಕ್ ಸಾಮಾನಿನ ಹೊಸ ಶೋರೂಮೊಂದರ ಮ್ಯಾನೇಜರಿಗೆ ಮಾವನ ಬಿಳಿ ಮೀಸೆ ಬಹಳ ಹಿಡಿಸಿತು. ಹೆಲ್ಮೆಟ್ಟು, ಜಾಕೆಟ್ಟು, ಹೊಸ ಟೈರು, ಹೋಗಿಬರುವ ಪೆಟ್ರೋಲು, ಎಲ್ಲ ಕೊಡುತ್ತೇನೆ ಎಂದ! ನನ್ನ ಕಾಲ ಕೆಳಗಿನ ನೆಲ ಕುಸಿಯಿತು.

"ಮೂರನೇ ಕಂಡೀಷನ್ ಒಂದು ಬಿಟ್ಬಿಡೋಣ ಅಂಕಲ್. ಫೋನೆಲ್ಲ ಯಾರು ಮಾಡ್ತಾ ಕೂರ್ತಾರೆ? ನೀವು ವಿಡಿಯೋ ಹಾಕ್ತಾ ಇರಿ, ಸಾಕು."

ಮಾವ ಪತ್ರ ಮಡಿಸಿ ಜೇಬಿಗಿಟ್ಟ. "ಬರ್ತೀನಪ್ಪಾ" ಎಂದು ಎದ್ದೇಬಿಟ್ಟ!

"ಏನಾಯ್ತು ಮಾವ?"

"ಅವನು ಬರೀ ಕೊಡೋನು ಕಣೇ" ಎಂದ. ಏನೂ ಅರ್ಥವಾಗಲಿಲ್ಲ. ಆದರೂ ಗಣಪತಿಗೆ ಮನಸ್ಸಿನಲ್ಲೇ ಒಂದು ತೆಂಗಿನಕಾಯಿ ಒಡೆದೆ.

ನನ್ನ ಸಂತೋಷ ಎರಡು ದಿನವೂ ಬಾಳಲಿಲ್ಲ. ಹಪ್ಪಳದಂಗಡಿಯ ಹೆಂಗಸು ಒಂದು ಡಬ್ಬ ಹಪ್ಪಳ ಕೊಟ್ಟು, "ದಾರೀಲಿ ಕರಿದ್ಕೊಂಡು ತಿನ್ನಿ ಮೇಷ್ಟ್ರೇ" ಎಂದರು. ಯಾವುದರಲ್ಲಿ ಕರಿಯುವುದು, ಎಂಜಿನ್ ಆಯಿಲ್ಲಿನಲ್ಲೇ? ಹೀಗೇ ಪ್ರಾಯೋಜಕರು ಏಳಾದರು.

ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟನ್ನು ನೀವೂ ನೋಡಿದ್ದೀರಿ. ದಾನಿಯ ಹೆಸರು, ಊರು, ಅವರ ತಂದೆಯ ಜ್ಞಾಪಕಾರ್ಥ, ಎಲ್ಲವನ್ನೂ ಟ್ಯೂಬಿನ ಮೇಲೆಯೇ ಬರೆಸಿರುತ್ತಾರೆ; ಅಕ್ಷರಗಳ ಸಂದಿಯಲ್ಲಿ ಜಾರಿ ಬಿದ್ದಷ್ಟು ಬೆಳಕೇ ಭಕ್ತರ ಪಾಲಿಗೆ! ಮಾವ ಆ ಸಂಪ್ರದಾಯವನ್ನು ಚಾಚೂ ತಪ್ಪದೆ ಪಾಲಿಸಿದ. ಟ್ಯಾಂಕಿನ ಮೇಲೆ ಬೇಳೆ ಮಂಡಿ, ಮಡ್‌ಗಾರ್ಡಿನ ಮೇಲೆ ದರ್ಜಿ ಅಂಗಡಿ, ಹೀಗೆ. ಹಪ್ಪಳದವರು "ಎದುರಿಗೇ ಕಾಣೋ ಹಾಗೆ ಬರೀರಿ" ಎಂದಿದ್ದರಂತೆ. ಎದುರಿಗೆ ಖಾಲಿ ಉಳಿದದ್ದು ಎಲ್ಲಿ? ಹೆಡ್‌ಲೈಟಿನ ಗಾಜು!

ಮುಸ್ಸಂಜೆ ಪರೀಕ್ಷಾ ಸವಾರಿ ಹೊರಟೆವು. ಹಿಂದಿನ ಸೀಟಿನಲ್ಲಿ ನಾನು, ಬಾಯಲ್ಲಿ ಆಂಜನೇಯ. ಕಹಳೆ ಬಂಡೆ ಪಾರ್ಕಿನ ಹತ್ತಿರ ಬೀದಿದೀಪ ಇನ್ನೂ ಹತ್ತಿರಲಿಲ್ಲ. ಕಡಲೆಕಾಯಿ ಗಾಡಿ ನನಗೆ ಕಂಡಿತು, ಮಾವನಿಗೆ ಕಾಣಲಿಲ್ಲ. ನನ್ನ ಕಿರುಚಾಟಕ್ಕೆ ಬ್ರೇಕು ಹಾಕಿದ; ಬೈಕು ಗಾಡಿಗೆ ಒಂದು ಗೇಣು ದೂರದಲ್ಲಿ ನಿಂತಿತು.

"ಲೈಟ್ ಹಾಕ್ಕೊಂಡ್ ಬಾ ಗುರೂ!" ಎಂದ ಗಾಡಿಯವನು.

"ಹಾಕಿದೀನಲ್ಲಪ್ಪಾ!"

ಅವನು ಬಗ್ಗಿ ಗಾಜನ್ನು ನೋಡಿ ಓದಿದ. "ಶುದ್ಧ ಉದ್ದಿನ ಹಪ್ಪಳ, ಸಂಡಿಗೆ, ಬಾಳಕ... ಬೆಳಕು ಎಲ್ಲಿಂದ ಬರ್ಬೇಕು ಯಜಮಾನ್ರೇ?"

ನಾನು ಬೈಕಿನಿಂದ ಕೆಳಗಿಳಿದೆ. ರಸ್ತೆಬದಿಯಲ್ಲೇ ಅಳು ಒತ್ತರಿಸಿ ಬಂತು. "ನಿನ್ನನ್ನ ಎಲ್ಲಿಗೂ ಕಳಿಸಲ್ಲ ನಾನು! ಪೆನ್ಷನ್ ಇಟ್ಕೊಂಡು ಬೇಳೆ ಬೇಡ್ತೀಯ, ಹೆಲ್ಮೆಟ್ ಕೊಡೋರನ್ನ ಬಿಟ್ಟು ಎದ್ದು ಬರ್ತೀಯ. ಏನಾಗಿದೆ ಮಾವ ನಿಂಗೆ?"

ಅವನು ಗಾಜಿನ ಮೇಲಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ ಕುಕ್ಕರಗಾಲಿನಲ್ಲಿ ಕೂತಿದ್ದ. ತಲೆ ಎತ್ತಲಿಲ್ಲ.

"ಸೇರಿದ ತಕ್ಷಣ ಫೋನ್ ಮಾಡು ಅನ್ನೋಳು ಹೋದ್ಲು ಪುಟ್ಟಿ. ನನ್ನ ದುಡ್ಡಲ್ಲಿ ನಾನು ಹೋದ್ರೆ, ಸೇರಿದ್ನೋ ಇಲ್ವೋ, ಯಾರು ಕೇಳ್ತಾರೆ? ಬೇಳೆ ಕೊಟ್ಟೋರಾದ್ರೆ ಕೇಳ್ತಾರೆ."

ನಾನಿಲ್ಲವೇ ಎನ್ನಲು ಹೊರಟವಳು ಲೆಕ್ಕ ಹಾಕಿದೆ. ಈ ಒಂದು ವರ್ಷದಲ್ಲಿ ನಾನಾಗಿ ಎಷ್ಟು ಸಲ ಫೋನು ಮಾಡಿದ್ದೆ? ಭಾನುವಾರ ಅವನೇ ಬರುತ್ತಿದ್ದ, ನಾನು ಬಡಿಸುತ್ತಿದ್ದೆ. ಚಾಮರಾಜಪೇಟೆಯಲ್ಲಿ ಅವನು ರೂಮಿನ ಬೀಗ ತೆಗೆಯುವ ಹೊತ್ತಿಗೆ ನಾನು ಪಾತ್ರೆ ತೊಳೆದು ಮಲಗಿರುತ್ತಿದ್ದೆ.

ಕಣ್ಣೊರೆಸಿಕೊಂಡು, "ನನ್ನ ಹೆಸರೂ ಬರಿ" ಎಂದೆ.

"ಏನು ಕೊಡ್ತೀಯ?"

"ಹೆಲ್ಮೆಟ್ಟು."

"ಮೂರನೇ ಷರತ್ತು?"

"ದಿನಕ್ಕೆರಡು ಸಲ."

ಮಾರನೆಯ ದಿನ ಹೆಡ್‌ಲೈಟನ್ನು ತಿನ್ನರ್ ಹಾಕಿ ಉಜ್ಜಿ, ಹಪ್ಪಳದವರನ್ನು ಬೈಕಿನ ಪಕ್ಕದ ಸಾಮಾನು ಪೆಟ್ಟಿಗೆಯ ಮೇಲಕ್ಕೆ ವರ್ಗ ಮಾಡಿದ. ನನ್ನ ಹೆಸರನ್ನು ಬಲಗಡೆಯ ಕನ್ನಡಿಯ ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಬರೆದ. "ಹಿಂದೆ ಬರೋ ಲಾರಿ ಕಾಣ್ಸುತ್ತಾ ಮಾವ?" ಎಂದರೆ, "ಲಾರೀನೂ ಕಾಣ್ಸುತ್ತೆ, ನೀನೂ ಕಾಣ್ಸ್ತೀಯ" ಎಂದ.

ಇವತ್ತು ಬೆಳಿಗ್ಗೆ ಹೊರಟ. ಸಂಜೆ ಆರಕ್ಕೆ ಸರಿಯಾಗಿ ಫೋನು ಮಾಡಿದೆ, ಎಂಗೇಜ್. ಮತ್ತೆ ಮಾಡಿದೆ, ಎಂಗೇಜ್. ಎದೆಯಲ್ಲಿ ಅವಲಕ್ಕಿ ಕುಟ್ಟುವುದು ಜೋರಾಯಿತು. ಐದನೇ ಸಲಕ್ಕೆ ಸಿಕ್ಕ.

"ಸ್ವಲ್ಪ ತಡಿಯೇ ಪುಟ್ಟಿ! ಬೇಳೆಯವರು ಮಾತಾಡ್ತಿದಾರೆ, ಅವರಾದ್ಮೇಲೆ ಹಪ್ಪಳದವರು. ಆಮೇಲೆ ನೀನು."

ಫೋನು ಕೈಯಲ್ಲಿ ಹಿಡಿದುಕೊಂಡು ನನ್ನ ಸರದಿ ಕಾಯುತ್ತಾ ಕೂತಿದ್ದೇನೆ.