ಕೋಳಿಗಿಂತ ಮೊದಲು ಮಲಗುವವನು

ನಮ್ಮ ಕಾಕಾನಷ್ಟು ಆರೋಗ್ಯವಂತ ಮನುಷ್ಯ ಇಡೀ ಗೋಕಾಕ ಸೀಮೆಯಲ್ಲೇ ಇರಲಿಲ್ಲ. ಹಾಗೆಂದು ಸ್ವತಃ ಅವನೇ ಹೇಳುತ್ತಿದ್ದ! ಮೊಣಕಾಲು ಹಿಡಿದುಕೊಂಡು, ಕೆಮ್ಮುತ್ತ, ನಡುನಡುವೆ ಕಷಾಯ ಗುಟುಕರಿಸುತ್ತ ಹೇಳುತ್ತಿದ್ದ. ಈ ವಜ್ರಕಾಯದ ಗುಟ್ಟೇನು? ಬೇಗ ಮಲಗುವುದು.

ಹೊತ್ತು ಮುಳುಗುವ ಮುಂಚೆ ಉಣ್ಣುವುದು ನಮ್ಮ ಜೈನರ ಮನೆಗಳಲ್ಲಿ ಎಲ್ಲರೂ ನಡೆಸಿಕೊಂಡು ಬಂದದ್ದೇ. ಆದರೆ ಉಂಡ ಕೈ ಆರುವ ಮೊದಲೇ ಹಾಸಿಗೆ ಬಿಚ್ಚಬೇಕೆಂದು ಯಾವ ಮುನಿಗಳೂ ಹೇಳಿರಲಿಲ್ಲ. ಆ ಶಾಸ್ತ್ರ ಕಾಕಾನ ಸ್ವಂತದ್ದು. ಗಡಿಯಾರವನ್ನು ಅವನು ನಂಬುತ್ತಿರಲಿಲ್ಲ. ಬಾಜೂ ಮನೆಯವರ ಕೋಳಿಗಳು ಬುಟ್ಟಿ ಸೇರಿದವೆಂದರೆ ಇವನಿಗೆ ರಾತ್ರಿ. ನಮ್ಮ ಕಲ್ಲೋಳಿಯಲ್ಲಿ ಕೋಳಿಗಳ ಮೇಲೆ ಅಷ್ಟು ಭಕ್ತಿಯಿಟ್ಟ ಜೈನ ಇನ್ನೊಬ್ಬನಿರಲಿಲ್ಲ!

ಬೇಗ ಮಲಗಿದರೆ ಲಾಭವೇನು? ಕಣ್ಣು ಚುರುಕಾಗುತ್ತದಂತೆ. (ಮೂಗಿನ ಮೇಲೆ ಚಾಳೀಸು ಇದ್ದೇ ಇತ್ತು.) ಕೂದಲು ಉದುರುವುದಿಲ್ಲವಂತೆ. (ಉದುರಲು ಉಳಿದಿದ್ದರೆ ತಾನೆ?) ಸಿಟ್ಟು ಬರುವುದೇ ಇಲ್ಲವಂತೆ. ಅನುಮಾನಪಟ್ಟವರ ಮೇಲೆ ಹಾರಿಬೀಳುತ್ತಿದ್ದ.

"ದೀಪಾ ಹಚ್ಚೂ ಹೊತ್ತಿನ್ಯಾಗ ಮಲಗಬಾರದ್ರಿ. ಮನಿಗಿ ಲಕ್ಷ್ಮಿ ಬರೂ ಹೊತ್ತು" ಎಂದು ಅವನ ಹೆಂಡತಿ, ನಮ್ಮ ಕಾಕು, ಅಲವತ್ತುಕೊಂಡರೆ, "ಬರ್ಲಿ, ಆಕಿಗೂ ಒಂದ ಹಾಸಗಿ ಹಾಸಿ ಕೊಡು" ಎಂದು ಮಗ್ಗಲು ಬದಲಿಸುತ್ತಿದ್ದ. ಯುದ್ಧ ಬಂದು ಚಿಮಣಿ ಎಣ್ಣೆ ಸಿಗದಂತಾದಾಗ ಊರಿಗೆ ಊರೇ ಬೇಗ ಮಲಗತೊಡಗಿತು. "ಕಡೀಕ ಎಲ್ಲಾರೂ ನನ್ನ ಮಾತ ಕೇಳಿದ್ರು ನೋಡು" ಎಂದು ಕಾಕಾ ಬೀಗಿದ್ದೇ ಬೀಗಿದ್ದು!

ಅಪ್ಪ ಅವ್ವ ಇಲ್ಲದ ನನ್ನನ್ನು ಸಾಕಿದವನು ಅವನೇ. ಹೀಗಾಗಿ ನನ್ನ ಲಗ್ನದ ಮಾತನ್ನೂ ಅವನೇ ಆಡಬೇಕು, ಅದೂ ಎಚ್ಚರಿದ್ದಾಗ! ಮೊದಲು ಮೂಡಲಗಿಯವರು ಬಂದಿದ್ದರು. ಇನ್ನೇನು ಮಾತು ಮುಗಿಯಬೇಕು, ಕೋಳಿಗಳು ಬುಟ್ಟಿ ಸೇರಿದವು. "ನೀವು ಮಾತಾಡಕೋತ ಕೂಡ್ರಿ" ಎಂದವನೇ ಎದ್ದು ಹೋಗಿ ಮಲಗಿಬಿಟ್ಟ. ಹೋದ ಬೀಗರು ತಿರುಗಿ ಬರಲಿಲ್ಲ. ಹುಡುಗಿಯಲ್ಲೇ ಏನೋ ಐಬಿದೆ ಎಂದು ಊರಲ್ಲಿ ಗುಸುಗುಸು ಎದ್ದಿತು.

ಆಮೇಲೆ ಹುಕ್ಕೇರಿಯ ಸಂಬಂಧ ಬಂತು. ಆ ಹುಡುಗನನ್ನು ಗೋಕಾಕದ ಒಂದು ಲಗ್ನದಲ್ಲಿ ನಾನು ಕದ್ದು ನೋಡಿದ್ದೆ, ಮನಸ್ಸಿಗೆ ಹಿಡಿಸಿದ್ದ. ಇದೂ ಕೈತಪ್ಪಿದರೆ ಏನು ಗತಿ ಎಂದು ನನಗೆ ದಿಗಿಲು.

ಅವರು ರಾತ್ರಿ ಗೋಕಾಕದಲ್ಲಿ ತಂಗಿ ಮಧ್ಯಾಹ್ನಕ್ಕೆ ಬರಬೇಕಿತ್ತು. ಅಂದೇ ಮೋಡ ಕವಿದು ಹಾಡಹಗಲೇ ಕತ್ತಲಾಯಿತು. ಮೂರು ಗಂಟೆಗೆಲ್ಲ ಕೋಳಿಗಳು ಬುಟ್ಟಿ ಸೇರಿದವು. ಕಾಕಾ ಉಂಡು ಮಲಗಿ ಗೊರಕೆ ಹೊಡೆದ. ಮಳೆ ನಿಂತು ಬಿಸಿಲು ಬೀಳುವ ಹೊತ್ತಿಗೆ, ಕೆಸರಲ್ಲಿ ಸಿಕ್ಕು ತಡವಾಗಿದ್ದ ಹುಕ್ಕೇರಿಯವರ ಚಕ್ಕಡಿ ಬಂದು ನಿಂತಿತು. ಕಾಕಾ ಕಣ್ಣುಜ್ಜುತ್ತ ಹೊರಗೆ ಬಂದ.

"ಇಷ್ಟ ನಸಕಿನ್ಯಾಗ ಬಂದೀರಿ! ರಾತ್ರಿಯೆಲ್ಲಾ ನಿದ್ದಿಗೆಟ್ಟ ಚಕ್ಕಡಿ ಹೊಡದ್ರೇನು?"

"ಎಲ್ಲಿ ನಸಕರೀ? ಇನ್ನೂ ಹೊತ್ತ ಮುಳಗಿಲ್ಲ" ಎಂದರು ಹುಡುಗನ ತಾಯಿ.

"ನನಗ ಹೇಳಾಕ ಬರಬ್ಯಾಡ್ರಿ. ಮಲಗಿ ಎದ್ದಾಂವ ನಾನು! ನಿದ್ದಿಗೆಡೂ ಮನಿಗೆ ನಮ್ಮ ಹುಡಗೀನ ಕೊಡೂದಿಲ್ಲ!"

ಬಾಗಿಲ ಹಿಂದೆ ನಿಂತಿದ್ದ ನಾನು ಕಾಕುಗೆ ಸನ್ನೆ ಮಾಡಿದೆ. ಕಾಕು ಅವನನ್ನು ಎಳೆದುಕೊಂಡು ಹೋಗಿ ಪಡುವಣದ ಸೂರ್ಯನನ್ನು ತೋರಿಸಿದಳು. ತಪ್ಪು ಸೂರ್ಯನದೇ ಎಂಬಂತೆ ಅವನು ಒಂದು ಗಳಿಗೆ ದುರುಗುಟ್ಟಿ ನೋಡಿದ. ಅಷ್ಟರಲ್ಲಿ ಹುಡುಗನ ತಾಯಿ "ನಡೀರಿ ಹೋಗೂಣು" ಎಂದು ಸೆರಗು ಸಿಕ್ಕಿಸಿ ಎದ್ದಿದ್ದರು.

ಕಾಕಾ ಅವರ ಮುಂದೆ ಹೋಗಿ ಕೈಮುಗಿದ. "ತಪ್ಪಾತ್ರೀ ಯವ್ವಾ. ಒಂದ ಮಾತ ಹೇಳಿ ಹೋಗ್ರಿ. ನಿಮ್ಮ ಮನ್ಯಾಗ ಸೊಸಿ ಎಷ್ಟೊತ್ತಿಗೆ ಮಲಗತಾಳ್ರಿ?"

ಅವರು ಗಲಿಬಿಲಿಗೊಂಡರು. "ಎಲ್ಲಾರೂ ಮಲಗಿದ ಮ್ಯಾಲೆ."

"ಇಕಿ ಅವ್ವ, ನಮ್ಮ ವೈನಿನೂ ಹಂಗ ಮಲಗತಿದ್ಲು. ನಾವು ಗಂಡಸರು ಕಟ್ಟಿ ಮ್ಯಾಲೆ ಹರಟಿ ಹೊಡಕೋತ ಕೂಡತಿದ್ದಿವಿ. ಮೈಯಾಗ ಜ್ವರ ಇಟ್ಕೊಂಡು ಆಕಿ ಒಲಿ ಮುಂದ ಕಾಯತಿದ್ಲು. ಹೋಗಿ ಮಲಗು ಅಂತ ಒಬ್ರೂ ಅನ್ನಲಿಲ್ರಿ. ಆಕಿ ಹೋದ ಮ್ಯಾಲೆ ನನಗ ಬುದ್ಧಿ ಬಂತು. ನಾ ಮಲಗಿದ್ರ ಈ ಮನ್ಯಾಗ ಹೆಣ್ಣಮಕ್ಕಳು ಮಲಗತಾರು. ಅದಕ್ಕ ಮಲಗತೇನಿ."

ಇಷ್ಟು ವರ್ಷ ಜೊತೆಗಿದ್ದ ಕಾಕುಗೂ ಅದು ಗೊತ್ತಿರಲಿಲ್ಲ. ನಾನು ಬಾಗಿಲ ಹಿಂದೆಯೇ ಅತ್ತುಬಿಟ್ಟೆ. ಹುಡುಗನ ತಾಯಿ ಮತ್ತೆ ಕುಳಿತರು. ಹೊತ್ತು ಮುಳುಗುವುದರೊಳಗೆ ಊಟವೂ ಆಯಿತು, ಮಾತೂ ಮುಗಿಯಿತು.

ಹುಕ್ಕೇರಿಗೆ ಬಂದ ಮೊದಲ ಸಂಜೆ ನಾನು ಪಾತ್ರೆ ತಿಕ್ಕುತ್ತಿದ್ದೆ. ಅತ್ತೆ ಬಂದು ಕೈಯಿಂದ ಕಸಿದುಕೊಂಡರು. "ಇಡು ಅದನ್ನ. ನಿಮ್ಮ ಕಾಕಾಗ ಮಾತ ಕೊಟ್ಟೇನಿ. ಹೋಗಿ ಮಲಗು."

ಹೋಗಿ ಮಲಗಿದೆ. ಹಿತ್ತಲಿನಿಂದ ಅವರೊಬ್ಬರೇ ಪಾತ್ರೆ ತಿಕ್ಕುವ ಸಪ್ಪಳ ಕೇಳಿತು. ಎದ್ದು ಹೋಗಿ ಪಕ್ಕದಲ್ಲಿ ಕುಳಿತೆ.

"ಮತ್ಯಾಕ ಬಂದಿ?"

"ನೀವೂ ಲಗೂ ಮಲಗಬೇಕಲ್ರೀ ಅತ್ತಿ."

ಅವರು ಬೂದಿ ಹತ್ತಿದ ಕೈಯಿಂದಲೇ ಕಣ್ಣು ಒರೆಸಿಕೊಂಡರು.